ಕದ್ದ ನಾಗದಾಳಿ, ಕೊಟ್ಟ ನಾಗದಾಳಿ

ನಲವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದವಳು ನಾನು. ಈ ಜನ್ಮದಲ್ಲಿ ಒಂದೇ ಒಂದು ಸುಳ್ಳು ಬರೆದಿದ್ದೇನೆ. ಅದನ್ನು ನನ್ನ ಗಂಡ ಕಂಡುಹಿಡಿದರು. ಕನ್ನಡಕ ಎಲ್ಲಿದೆ, ಚಪ್ಪಲಿ ಎಲ್ಲಿದೆ, ಎರಡು ನಿಮಿಷದ ಹಿಂದೆ ಕೈಯಲ್ಲೇ ಇದ್ದ ಪೆನ್ನು ಎಲ್ಲಿ ಹೋಯಿತು ಎಂಬ ಯಾವ ಪ್ರಶ್ನೆಗೂ ಇಂದಿನವರೆಗೆ ಉತ್ತರ ಕಂಡುಕೊಳ್ಳದ ಈ ಮನುಷ್ಯ, ಮುನ್ನೂರ ಹನ್ನೆರಡು ಪುಟದ ಪ್ರೂಫಿನಲ್ಲಿ ಅಡಗಿ ಕೂತಿದ್ದ ನಾಲ್ಕು ಪದದ ಸುಳ್ಳನ್ನು ಕಿವಿ ಹಿಡಿದು ಹೊರಗೆಳೆದರು.

ಪುಸ್ತಕ ಕಹಿ ಸೊಪ್ಪುಗಳ ಬಗ್ಗೆ. ಬರೆಯಲು ಹನ್ನೊಂದು ವರ್ಷ ಹಿಡಿಯಿತು. ಅದರ ಒಂಬತ್ತನೆಯ ಅಧ್ಯಾಯ ನಾಗದಾಳಿ.

ನಾಗದಾಳಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊಣಕಾಲೆತ್ತರದ ಗಿಡ. ನೀಲಿ ಬೆರೆತ ಹಸಿರಿನ, ಉಗುರಿಗಿಂತ ಚಿಕ್ಕ ಎಲೆಗಳು, ಹಳದಿ ಹೂವು. ಕೆಲವರು ಸದಾಪು ಎನ್ನುತ್ತಾರೆ, ಕೆಲವರು ಹಾವುನಂಜಿನ ಗಿಡ ಎನ್ನುತ್ತಾರೆ, ಎಲೆ ಅಗಿದು ನೋಡಿದವರು ಸ್ವಲ್ಪ ಹೊತ್ತು ಏನನ್ನೂ ಎನ್ನುವುದಿಲ್ಲ, ಅಷ್ಟು ಕಹಿ. ಇದರ ವಾಸನೆಗೆ ಬೆಕ್ಕು ಬರುವುದಿಲ್ಲ, ಚಿಗಟ ಬರುವುದಿಲ್ಲ, ಹಾವು ಬರುವುದಿಲ್ಲ ಎಂದು ಹೇಳಿಕೆ. (ನೆಂಟರ ಬಗ್ಗೆ ಯಾವ ಗ್ರಂಥದಲ್ಲೂ ಉಲ್ಲೇಖವಿಲ್ಲ. ಹುಡುಕಿದ್ದೇನೆ.) ಹಿಂದೆ ದೂರದ ನಾಡೊಂದರಲ್ಲಿ, ಕೈದಿಗಳ ಮೈಯಿಂದ ಜ್ವರ ಅಂಟದಿರಲೆಂದು ನ್ಯಾಯಾಧೀಶರ ಮುಂದೆ ಈ ಸೊಪ್ಪು ಹರಡುತ್ತಿದ್ದರು. ಅದೇ ನಾಡಿನ ಭಾಷೆಯಲ್ಲಿ ಈ ಗಿಡಕ್ಕೂ ಪಶ್ಚಾತ್ತಾಪಕ್ಕೂ ಒಂದೇ ಹೆಸರು. ಚಿತ್ರ ಬರೆಯುವವರು ಕಣ್ಣು ಚುರುಕಾಗಲೆಂದು ತಿನ್ನುತ್ತಿದ್ದರಂತೆ. ಇವೆಲ್ಲವನ್ನೂ ಬರೆದು, ಕೊನೆಯಲ್ಲಿ ಈ ಗಿಡದ ಮೇಲಿನ ಅತ್ಯಂತ ಅವಿವೇಕದ ನಂಬಿಕೆಯನ್ನೂ ದಾಖಲಿಸಿದ್ದೆ: ಕದ್ದು ತಂದ ನಾಗದಾಳಿ ಮಾತ್ರ ಬದುಕುತ್ತದೆ, ಯಾರಾದರೂ ಪ್ರೀತಿಯಿಂದ ಕೊಟ್ಟದ್ದು ಬಾಡಿಹೋಗುತ್ತದೆ. ಅದರ ಕೆಳಗೆ ನನ್ನ ಷರಾ: "ಇದರಲ್ಲಿ ಹುರುಳಿಲ್ಲ. ಲೇಖಕಿ ಸ್ವತಃ ಪರೀಕ್ಷಿಸಿ ನೋಡಿದ್ದಾಳೆ."

"ಯಾವಾಗ ನೋಡಿದೆ?" ಎಂದರು ನಮ್ಮವರು, ಪ್ರೂಫಿನ ಮೇಲೆ ಬೆರಳಿಟ್ಟುಕೊಂಡು. ಅವರು ನಿವೃತ್ತ ಸರ್ವೇಯರು. ಬೆರಳಿಟ್ಟರೆ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ.

"ಏನನ್ನ?"

"ಇದನ್ನ. ನಮ್ಮ ಮನೇಲಿ ನಾಗದಾಳಿ ಇರಲೇ ಇಲ್ಲವಲ್ಲ."

"ಅದು ಬರೆಯೋ ರೀತಿ ಕಣ್ರೀ. ಓದೋರಿಗೆ ಸ್ವಲ್ಪ ಧೈರ್ಯ ಬರಲಿ ಅಂತ."

"ಸರಿ. ಕಳ್ಳತನ ಯಾವಾಗ ಮಾಡಿದೆ?"

"ಮಾಡಲಿಲ್ಲ!"

"ಮತ್ತೆ ಪರೀಕ್ಷೆ ಹೇಗಾಯ್ತು?"

ಅಷ್ಟರಲ್ಲಿ ಒಳಗಿನಿಂದ ಅತ್ತಿಗೆ ಬಂದರು. ಅತ್ತಿಗೆ ಎಂದರೆ ಇವರ ಅಕ್ಕ. ಒಂದು ವಾರ ಇದ್ದು ಹೋಗುತ್ತೇನೆಂದು ಆರು ವರ್ಷದ ಹಿಂದೆ ಬಂದವರು. ಪ್ರಪಂಚದ ಸಕಲ ನಂಬಿಕೆಗಳೂ ಅವರಲ್ಲಿ ಒಂದೂ ನಷ್ಟವಾಗದೆ ಉಳಿದಿವೆ.

"ಬಿಡೋ ತಮ್ಮ, ಪಾಪ," ಎಂದರು. "ಓದಿದೋರಿಗೆ ಕದಿಯೋ ಧೈರ್ಯ ಎಲ್ಲಿಂದ ಬರಬೇಕು? ಅದಕ್ಕೇ ಸುಳ್ಳು ಬರೆದಿದಾಳೆ."

ಸುಳ್ಳು! ಕಾಪಿ ಹೊಡೆದ ಹುಡುಗಿಯರನ್ನು ಬಾಗಿಲ ಹೊರಗೆ ನಿಲ್ಲಿಸಿದವಳು ನಾನು. ಕಣ್ಣಾರೆ ನೋಡದ ಎಲೆಯ ಚಿತ್ರ ಬರೆದುತಂದ ವಿದ್ಯಾರ್ಥಿಯ ಪುಸ್ತಕವನ್ನು ಅವನೆದುರೇ ಹರಿದವಳು. ಈಗ ಅಚ್ಚಾಗಲಿರುವ ನನ್ನ ಒಂದೇ ಒಂದು ಪುಸ್ತಕದಲ್ಲಿ ನೋಡದ್ದನ್ನು ನೋಡಿದೆನೆಂದು ಬರೆದಿದ್ದೇನೆ. ವಾಕ್ಯವನ್ನು ಹೊಡೆದುಹಾಕಬಹುದಿತ್ತು, ಆದರೆ ಹಾಗೆ ಮಾಡಿದರೆ ಅತ್ತಿಗೆ ಬದುಕಿರುವವರೆಗೂ ನಗುತ್ತಾರೆ, ಮತ್ತು ಅವರ ಆರೋಗ್ಯ ತುಂಬಾ ಚೆನ್ನಾಗಿದೆ. ಉಳಿದದ್ದು ಒಂದೇ ದಾರಿ: ಸುಳ್ಳನ್ನು ನಿಜ ಮಾಡುವುದು. ಪ್ರೂಫು ಹಿಂದಿರುಗಿಸಲು ಮುದ್ರಣಾಲಯದವರು ಹತ್ತು ವಾರ ಕೊಟ್ಟಿದ್ದರು. ಮೂರು ಸಸಿ ಕೇಳಿ ತರುವುದು, ಮೂರು ಸಸಿ ಕದ್ದು ತರುವುದು. ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿಲು. ಆರೂ ಒಂದೇ ಸಮ ಬೆಳೆದರೆ ನನ್ನ ವಾಕ್ಯ ಬದುಕಿತು.

ನಾಗದಾಳಿ ಇದ್ದದ್ದು ಎದುರು ಮನೆಯಲ್ಲಿ, ನಿವೃತ್ತ ನ್ಯಾಯಾಧೀಶರ ಅಂಗಳದ ತುಂಬ. ಆ ಮನುಷ್ಯ ಎಷ್ಟು ಮೃದು ಎಂದರೆ, ಅಪರಾಧಿಗೆ ಶಿಕ್ಷೆ ವಿಧಿಸುವಾಗ ಅವನಿಗಿಂತ ಮೊದಲು ಇವರೇ ಕಣ್ಣು ಒರೆಸಿಕೊಳ್ಳುತ್ತಿದ್ದರಂತೆ.

"ಮೂರು ಸಾಕಾ ಮೇಡಂ? ಹತ್ತು ತೊಗೊಳ್ಳಿ. ಕುಂಡ ಬೇಕಾ? ನಾನೇ ಬಂದು ನೆಟ್ಟುಕೊಡಲಾ?"

ಮೂರನ್ನೇ ತೆಗೆದುಕೊಂಡು ಬಂದೆ. ಕೇಳಿ ತಂದ ಸಸಿಗಳ ಭಾಗ ಮುಗಿಯಿತು. ಇನ್ನು ಕದಿಯುವುದಷ್ಟೇ. ಆಗ ಅತ್ತಿಗೆ ಬಾಗಿಲಿಗೆ ಒರಗಿಕೊಂಡು ಕೇಳಿದರು:

"ಉಳಿದ ಮೂರನ್ನೂ ಅವರ ಮನೇದೇ ಕದೀತೀಯಾ?"

"ಹೌದು. ಜಾತಿ ಒಂದೇ ಇರಬೇಕಲ್ಲ."

"ಅದು ಕಳ್ಳತನ ಹೇಗಾಗುತ್ತಮ್ಮಾ? ಕೇಳಿದರೆ ಮೈಮೇಲಿನ ಅಂಗಿ ಬಿಚ್ಚಿಕೊಡೋ ಮನುಷ್ಯ ಅವರು. ಕೊಡಬೇಕು ಅಂತ ಕೂತಿರೋರ ಮನೆಯಿಂದ ತೊಗೊಂಡು ಬಂದರೆ ಅದು ಕೇಳದೆ ಇಸ್ಕೊಂಡ ಹಾಗೆ ಅಷ್ಟೇ."

ನನಗೆ ಅತ್ತಿಗೆಯ ಮೇಲೆ ಸಿಟ್ಟು ಬರುವುದು ಅವರು ತಪ್ಪು ಹೇಳಿದಾಗಲ್ಲ. ಅಪರೂಪಕ್ಕೊಮ್ಮೆ ಸರಿಯಾಗಿ ಹೇಳಿದಾಗ.

ಬೀದಿಯ ತುದಿಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲ ಮೇಲೂ ನಾಗದಾಳಿ ಕುಂಡಗಳಿದ್ದವು ನಿಜ. ಆತ ಯಾರಿಗೂ ಒಂದು ಹುಲ್ಲುಕಡ್ಡಿ ಕೊಟ್ಟವನಲ್ಲ. "ಗಿಡ ಮುಟ್ಟಬೇಡಿ, ನೋಡುತ್ತಿದ್ದೇವೆ" ಎಂದು ಕೆಂಪಕ್ಷರದ ಬೋರ್ಡು ಬೇರೆ. ಆದರೆ ಅಲ್ಲಿಗೆ ಹೋಗಲು ನನ್ನ ಬಳಿ ನೆಪವಿರಲಿಲ್ಲ. ನನ್ನ ಹಲ್ಲುಗಳೆಲ್ಲ ಇಪ್ಪತ್ತು ವರ್ಷದಿಂದ ರಾತ್ರಿ ಹೊತ್ತು ಗಾಜಿನ ಲೋಟದಲ್ಲಿ ಮಲಗುತ್ತವೆ.

ಆದ್ದರಿಂದ ನ್ಯಾಯಾಧೀಶರೇ ಗತಿ. ಅವರಿಗೆ ಕೊಡುವ ಮನಸ್ಸಿದೆಯೆಂಬುದೇ ತೊಂದರೆಯಾದರೆ ಆ ಮನಸ್ಸನ್ನು ಕೆಡಿಸಬೇಕು. ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ ಜಗಳಕ್ಕೆ ಹೋದೆ.

"ನಿಮ್ಮ ಗಿಡಗಳೆಲ್ಲ ಸೊರಗಿವೆ," ಎಂದೆ, ಕೂರದೆ.

"ಹೌದಾ ಮೇಡಂ? ನೀವು ಹೇಳಿದ್ದು ಒಳ್ಳೇದಾಯ್ತು. ಏನು ಹಾಕಬೇಕು?"

"ಏನೂ ಹಾಕಬೇಡಿ. ನಿಮಗೆ ಗಿಡ ಬೆಳೆಸೋ ಯೋಗ್ಯತೆ ಇಲ್ಲ."

"ಅದು ಮಾತ್ರ ಸತ್ಯ. ನಮ್ಮನೆಯವಳೂ ಇದನ್ನೇ ಹೇಳ್ತಾಳೆ. ಎಲ್ಲಾನೂ ನೀವೇ ತೊಗೊಂಡು ಹೋಗಿಬಿಡಿ. ಅವುಗಳ ಪುಣ್ಯ."

ಪಟ್ಟು ಬದಲಿಸಿದೆ. "ನಿಮ್ಮ ತೀರ್ಪುಗಳೆಲ್ಲ ಮೇಲಿನ ಕೋರ್ಟಿನಲ್ಲಿ ಬಿದ್ದುಹೋಗ್ತಿದ್ದವಂತೆ."

"ಎಲ್ಲಾ ಅಲ್ಲ ಮೇಡಂ," ಎಂದರು ಸಂಕೋಚದಿಂದ. "ಮುಕ್ಕಾಲು ಪಾಲು."

"ಸಾಯಂಕಾಲ ನೀವು ಮೌತ್ ಆರ್ಗನ್ ಬಾರಿಸೋದು ಕೇಳಿ ನಮ್ಮ ಅತ್ತಿಗೆಗೆ ತಲೆನೋವು ಬಂದಿದೆ."

"ಅಯ್ಯೋ! ತಲೆನೋವಿಗೆ ನಾಗದಾಳಿ ಮೂಸಿದರೆ ಒಳ್ಳೇದಂತೆ. ತಾಳಿ, ಎರಡು ಸಸಿ ಕಿತ್ತು ಕೊಡ್ತೀನಿ."

ಎರಡು ಸಸಿಗಳನ್ನು ಬೇಡವೆಂದು ತಳ್ಳಿ ಹೊರಬರುವಷ್ಟರಲ್ಲಿ ನನಗೆ ಬೆವರು ಕಿತ್ತುಬಂತು. ಬಿಸ್ಕತ್ತಿನ ಡಬ್ಬಿಯನ್ನು ಮಾತ್ರ ತಳ್ಳಲಾಗಲಿಲ್ಲ. ಜಗಳಕ್ಕೆ ಹೋದವಳು ಕೈಯಲ್ಲಿ ಬಿಸ್ಕತ್ತು ಹಿಡಿದುಕೊಂಡು ಬಂದದ್ದನ್ನು ಅತ್ತಿಗೆ ಕಿಟಕಿಯಿಂದ ನೋಡಿದರು. ನೋಡಿದ್ದಷ್ಟೇ ಅಲ್ಲ, ನಾಲ್ಕು ತಿಂದರು.

ನಡೆದದ್ದನ್ನೆಲ್ಲ ನಮ್ಮವರಿಗೆ ಹೇಳಿದೆ. ಅವರು ನಿಟ್ಟುಸಿರು ಬಿಟ್ಟು, ಚಪ್ಪಲಿ ಹುಡುಕಿ, "ಸ್ವಲ್ಪ ಅಡ್ಡಾಡಿ ಬರ್ತೀನಿ" ಎಂದು ಹೊರಟರು. ನನ್ನ ಕಷ್ಟಕಾಲದಲ್ಲೆಲ್ಲ ಅಡ್ಡಾಡಿ ಬರುವುದು ಅವರ ಅಭ್ಯಾಸ.

ಮರುದಿನ ಒಂದು ಪವಾಡವೇ ಆಯಿತು. (ಪವಾಡಗಳಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ನನ್ನ ಪರವಾಗಿ ಆದಾಗ ತಕರಾರು ಮಾಡುವುದೂ ಇಲ್ಲ.) ನ್ಯಾಯಾಧೀಶರು ತಾವೇ ನಮ್ಮ ಗೇಟಿಗೆ ಬಂದು, ಗಂಟಲು ಸರಿಮಾಡಿಕೊಂಡು, ಪೀಠದ ಮೇಲಿನ ದನಿಯಲ್ಲಿ ಹೇಳಿದರು:

"ಮೇಡಂ, ನೀವು ನಿನ್ನೆ ಆಡಿದ ಮಾತುಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಇನ್ನು ಮುಂದೆ ನನ್ನ ಅಂಗಳದ ನಾಗದಾಳಿಯ ಒಂದೇ ಒಂದು ಎಲೆಯನ್ನೂ ನಿಮಗೆ ಕೊಡಲಾಗುವುದಿಲ್ಲ." ಆಮೇಲೆ ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡಿ" ಎಂದರು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದರು. "ಮಧ್ಯಾಹ್ನ ಒಂದರಿಂದ ಮೂರರವರೆಗೆ ನಾವಿಬ್ಬರೂ ಮಲಗಿರ್ತೀವಿ, ಗೇಟಿಗೆ ಬೀಗ ಇರೋದಿಲ್ಲ. ಅದನ್ನ ಯಾರೂ ದುರುಪಯೋಗ ಮಾಡಿಕೊಳ್ಳಬಾರದು ಅಂತ ನನ್ನ ವಿನಂತಿ."

ಮೂರ್ಖ ಮನುಷ್ಯ, ತನ್ನ ಮನೆಯ ಗುಟ್ಟನ್ನು ತಾನೇ ಬಿಟ್ಟುಕೊಟ್ಟನಲ್ಲ ಎಂದುಕೊಂಡೆ.

ಒಂದೂವರೆಗೆ ಹೊರಟೆ. ನಾಗದಾಳಿಯ ರಸ ಮೈಗೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಬೊಬ್ಬೆ ಏಳುತ್ತದೆ. ಇದನ್ನು ನನ್ನ ಪುಸ್ತಕದಲ್ಲಿ ಒಂದೂವರೆ ಪುಟ ಬರೆದಿದ್ದೇನೆ. ಆದ್ದರಿಂದ ಕೈಗವಸು, ತುಂಬುತೋಳಿನ ಸ್ವೆಟರು, ತಲೆಗೆ ಟೋಪಿ. ಬೇಸಗೆಯ ಉರಿಬಿಸಿಲಿನಲ್ಲಿ ಈ ಅವತಾರದಲ್ಲಿ ಬೀದಿ ದಾಟಿದೆ. ಎದುರಿಗೆ ಬಂದ ಅಂಚೆಯವನು ಸೈಕಲ್ಲಿನಿಂದ ಇಳಿದು ದಾರಿ ಬಿಟ್ಟ.

ಗೇಟು ಕಿರ್ರೆನ್ನಲಿಲ್ಲ, ಯಾರೋ ಎಣ್ಣೆ ಬಿಟ್ಟಿದ್ದರು. ಒಂದು ಮೂಲೆಯಲ್ಲಿ ಮೂರು ಸಸಿಗಳ ಬುಡದ ಮಣ್ಣು ಹದವಾಗಿ ನೆನೆದಿತ್ತು. ಮುಟ್ಟಿದರೆ ಸಾಕು, ಬೇರುಸಮೇತ ಕೈಗೆ ಬಂದವು. ನನ್ನ ಕೈಚಳಕವನ್ನು ನಾನೇ ಮೆಚ್ಚಿಕೊಂಡೆ. ಅಷ್ಟರಲ್ಲಿ ಆ ಘಾಟಿಗೆ ದೊಡ್ಡದೊಂದು ಸೀನು ಬಂತು. ಒಳಗಿನಿಂದ ಬರುತ್ತಿದ್ದ ಗೊರಕೆ ಒಂದು ಕ್ಷಣ ನಿಂತು, ಮತ್ತೆ ಮೊದಲಿಗಿಂತ ಜೋರಾಗಿ ಶುರುವಾಯಿತು. ಈ ಸಲ ಅದರಲ್ಲಿ ಹೆಂಗಸಿನ ಗೊರಕೆಯೂ ಸೇರಿತ್ತು.

ಮನೆಗೆ ಬಂದು, ಪಶ್ಚಾತ್ತಾಪ ಎಂದೇನಾದರೂ ಆಗುತ್ತದೆಯೇ ಎಂದು ಐದು ನಿಮಿಷ ನನ್ನನ್ನೇ ಗಮನಿಸಿದೆ. ಆಗಲಿಲ್ಲ. ಸ್ವಲ್ಪ ಹಸಿವಾಯಿತು.

ಬಾಲ್ಕನಿಯಲ್ಲಿ ಆರು ಕುಂಡ ಜೋಡಿಸಿದೆ. ಕೊಟ್ಟ ಸಸಿಗಳ ಕುಂಡಕ್ಕೆ ನೀಲಿ ಪಟ್ಟಿ, ಕದ್ದವಕ್ಕೆ ಕೆಂಪು ಪಟ್ಟಿ. ನಮ್ಮವರು ಸರ್ವೇ ಇಲಾಖೆಯ ಶ್ರದ್ಧೆಯಿಂದ ಪ್ರತಿ ಭಾನುವಾರ ಅಳತೆಪಟ್ಟಿ ಹಿಡಿದು ಎತ್ತರ ಅಳೆದು ನೋಟ್‌ಪುಸ್ತಕದಲ್ಲಿ ಗೆರೆ ಎಳೆಯುವುದೆಂದು ನಿಶ್ಚಯವಾಯಿತು. ಒಂದು ವಾರ ಏನೂ ಹೆಚ್ಚುಕಡಿಮೆ ಇಲ್ಲದೆ ನಡೆಯಿತು.

ಎರಡನೆಯ ವಾರ ನಾನು ನಾಲ್ಕು ದಿನದ ಒಂದು ವಿಚಾರ ಸಂಕಿರಣಕ್ಕೆ ಬೇರೆ ಊರಿಗೆ ಹೋಗಬೇಕಾಯಿತು. ಹೋಗುವಾಗ ನಮ್ಮವರ ಕೈಯಲ್ಲಿ ನೀರಿನ ಅಳತೆಯ ಲೋಟ ಕೊಟ್ಟು, "ಈ ಗೆರೆವರೆಗೆ. ಮೇಲೆ ಒಂದು ಹನಿ ಇಲ್ಲ, ಕೆಳಗೆ ಒಂದು ಹನಿ ಇಲ್ಲ. ಒಂದು ಸಸಿ ಸತ್ತರೂ ನನ್ನ ಮಾನ ಹೋಯ್ತು ಅಂತ ತಿಳ್ಕೊಳ್ಳಿ" ಎಂದೆ. ಹೇಳುವ ದನಿ ಸ್ವಲ್ಪ ಬಿಗಿಯಾಗಿದ್ದಿರಬಹುದು. ಅವರು ಲೋಟದ ಗೆರೆಯ ಮೇಲೆ ಬೆರಳಿಟ್ಟುಕೊಂಡರು.

ಮರಳಿ ಬಂದಾಗ ಬಾಗಿಲು ತೆಗೆದ ನಮ್ಮವರ ಎರಡೂ ಕೆನ್ನೆ ಊದಿಕೊಂಡಿದ್ದವು.

"ಏನಾಯ್ತ್ರೀ?"

"ಹಲ್ಲು," ಎಂದರು ಬಾಯಿ ಪೂರ್ತಿ ತೆರೆಯದೆ. "ಎರಡು ಕೀಳಿಸಿದೆ."

"ನಾಲ್ಕು ದಿನದಲ್ಲಿ ಎರಡಾ? ನಾನು ಹೋಗೋವಾಗ ನೋವೇ ಇರಲಿಲ್ಲವಲ್ಲ!"

"ತಟ್ಟನೆ ಬಂತು. ಈ ಕಡೆ ಒಂದು ದಿನ, ಆ ಕಡೆ ಒಂದು ದಿನ."

ಮುಂಗೈಯಿಂದ ಮೊಣಕೈವರೆಗೆ ಬೊಬ್ಬೆಗಳೂ ಇದ್ದವು, ಗೆರೆಗೆರೆಯಾಗಿ. ಇಸ್ತ್ರಿ ಮಾಡುವಾಗ ಸುಟ್ಟಿತು ಎಂದರು. ಎರಡೂ ಕೈಯನ್ನು ಒಟ್ಟಿಗೆ ಇಸ್ತ್ರಿ ಮಾಡಿಕೊಳ್ಳುವ ಜಾಣತನ ಇವರಿಗಲ್ಲದೆ ಯಾರಿಗೆ ಬರಬೇಕು ಎಂದು ಬೈದು, ಮುಲಾಮು ಹಚ್ಚಿ ಬಾಲ್ಕನಿಗೆ ಓಡಿದೆ.

ಅಲ್ಲಿ ಕಂಡದ್ದು ಅದ್ಭುತ. ನೀಲಿ ಪಟ್ಟಿಯ ಮೂರೂ ಸಸಿಗಳು, ಅಂದರೆ ಕೇಳಿ ತಂದವು, ನಾಲ್ಕೇ ದಿನದಲ್ಲಿ ಒಂದೂವರೆ ಇಂಚು ಬೆಳೆದಿದ್ದವು! ಕಾಂಡ ದಪ್ಪಗಾಗಿತ್ತು, ಎಲೆಯ ಬಣ್ಣವೂ ಗಾಢವಾಗಿತ್ತು. ಒಂದು ಸಸಿಗೆ ಮೊದಲು ಇಲ್ಲದ ಕವಲು ಬಂದಿತ್ತು. "ಅಸಾಧಾರಣ ಬೆಳವಣಿಗೆ, ಕಾರಣ ಅಧ್ಯಯನಯೋಗ್ಯ" ಎಂದು ಟಿಪ್ಪಣಿ ಬರೆದುಕೊಂಡೆ. (ಆ ಟಿಪ್ಪಣಿಯನ್ನು ಈಗ ಹರಿದುಹಾಕಿದ್ದೇನೆ.)

ಮುಂದಿನ ವಾರಗಳ ಕಥೆಯನ್ನು ಹೇಳಲು ಆಗ ನನಗೆ ಎಷ್ಟು ಸಂತೋಷವಿತ್ತೋ ಈಗ ಅಷ್ಟಿಲ್ಲ. ಕೆಂಪು ಪಟ್ಟಿಯ ಮೊದಲ ಸಸಿಯನ್ನು ಚಿಟ್ಟೆಹುಳು ಬೋಳು ಮಾಡಿತು. ಎರಡನೆಯದರ ಬುಡ ಕೊಳೆಯಿತು. ಮೂರನೆಯದು ಯಾವ ಕಾರಣವೂ ಕೊಡದೆ, ನೌಕರಿಗೆ ರಾಜೀನಾಮೆ ಕೊಟ್ಟವರ ಹಾಗೆ, ಒಂದು ಸೋಮವಾರ ತಲೆ ಬಾಗಿಸಿಬಿಟ್ಟಿತು. ನೀಲಿ ಕುಂಡಗಳಲ್ಲಿ ನಾಗದಾಳಿ ಪೊದೆಯಾಗಿ ಹಬ್ಬಿತು, ಹೂ ಬಿಟ್ಟಿತು. ನಾನು ಆರೂ ಸಮವಾಗಿ ಬೆಳೆದರೆ ಸಾಕೆಂದಿದ್ದೆ. ಇಲ್ಲಿ ನಂಬಿಕೆಯೇ ಅಂಗಾತ ಬಿದ್ದಿತ್ತು: ಕೊಟ್ಟದ್ದು ಬದುಕಿತು, ಕದ್ದದ್ದು ಸತ್ತಿತು!

ಅತ್ತಿಗೆ ಮೂರು ದಿನ ಮಾತಾಡಲಿಲ್ಲ. ಆರು ವರ್ಷದಲ್ಲಿ ಅಂಥ ಮೂರು ದಿನ ಬಂದಿರಲಿಲ್ಲ.

"ಕಾಲ ಕೆಟ್ಟಿದೆ," ಎಂದರು ನಾಲ್ಕನೆಯ ದಿನ. "ಗಿಡಕ್ಕೂ ಕಳ್ಳತನ ಅಂದರೆ ಯಾವುದು ಅಂತ ಮರೆತುಹೋಗಿದೆ."

ಪ್ರೂಫು ಕಳಿಸುವ ದಿನ ಬಂತು. ಷರಾವನ್ನು ಇನ್ನಷ್ಟು ಬಲಪಡಿಸಿದ್ದೆ: "ವಾಸ್ತವದಲ್ಲಿ ಇದಕ್ಕೆ ತದ್ವಿರುದ್ಧವಾದುದೇ ಸತ್ಯ. ಲೇಖಕಿ ಸ್ವತಃ ಪರೀಕ್ಷಿಸಿ ನೋಡಿದ್ದಾಳೆ." ಅತ್ತಿಗೆಯನ್ನೂ ನಮ್ಮವರನ್ನೂ ಊಟದ ಮೇಜಿನ ಎದುರು ಕೂರಿಸಿ, ಚಹಾ ಕೊಟ್ಟು, ಒಂಬತ್ತನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದೆ. ಗೆದ್ದವರಿಗೆ ಅಷ್ಟು ಹಕ್ಕಿದೆ.

"ನಾಗದಾಳಿಯ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ," ಎಂದು ಓದಿದೆ, "ಒಂದೆರಡು ದಿನದಲ್ಲಿ ಬೊಬ್ಬೆಗಳು ಏಳುತ್ತವೆ. ಎಲೆ ಕಡ್ಡಿಗಳು ಒರಸಿದ ಜಾಗದಲ್ಲಿ ಅವು ಗೆರೆಗೆರೆಯಾಗಿರುತ್ತವೆ. ಸುಟ್ಟಗಾಯವೆಂದೇ ಎಲ್ಲರೂ ತಪ್ಪು ತಿಳಿಯುತ್ತಾರೆ. ವಾಸಿಯಾದ ಮೇಲೂ ತಿಂಗಳುಗಟ್ಟಲೆ ಕಂದು ಕಲೆ..."

ನನ್ನ ಕಣ್ಣು ಪುಟದಿಂದ ಮೇಲೆದ್ದು, ಚಹಾದ ಕಪ್ಪು ಹಿಡಿದಿದ್ದ ಎರಡು ಕೈಗಳ ಮೇಲೆ ನಿಂತಿತು. ಮುಂಗೈಯಿಂದ ಮೊಣಕೈವರೆಗೆ ಕಂದು ಗೆರೆಗಳು. ಕಪ್ಪು ಮೆಲ್ಲಗೆ ಕೆಳಗಿಳಿಯಿತು. ಕೈಗಳು ಮೇಜಿನ ಕೆಳಗೆ ಹೋದವು.

"ರೀ."

"ಹೂಂ."

"ಇಸ್ತ್ರಿ ಪೆಟ್ಟಿಗೆ?"

"ಅದು..." ಎಂದರು. "ನೀನು ಊರಿಗೆ ಹೋದ ದಿನವೇ ಸಾಯಂಕಾಲಕ್ಕೆ ನೀಲಿ ಪಟ್ಟಿಯವು ಮೂರೂ ಬಾಡಿಹೋದವು ಕಣೇ. ಗೆರೆವರೆಗೆ ಅಳೆದೇ ಹಾಕಿದ್ದೆ. ಹನಿ ಹೆಚ್ಚಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಕಡ್ಡಿ."

"ಸತ್ತವಾ? ಕೊಟ್ಟ ಸಸಿಗಳಾ?"

"ಪೂರ್ತಿ. ನಿನ್ನ ಮಾನದ ಪ್ರಶ್ನೆ ಅಂದಿದ್ದೆಯಲ್ಲ, ಹೆದರಿಕೆ ಆಯ್ತು. ಎದುರು ಮನೆಯವರನ್ನ ಕೇಳೋಣ ಅಂದರೆ ಅವರು ನಿನಗೆ ಹೇಳಿಬಿಡ್ತಾರೆ. ಅದಕ್ಕೆ ಹಲ್ಲಿನ ಡಾಕ್ಟರ ಹತ್ತಿರ ಹೋದೆ."

"ಅವನು ಕೊಟ್ಟನಾ?"

"ಎಲ್ಲಿ ಕೊಡ್ತಾನೆ! ಹಲ್ಲು ನೋವು ಅಂತ ಒಳಗೆ ಹೋಗಿ, ಬರೋವಾಗ ಮೆಟ್ಟಿಲ ಮೇಲಿನ ಕುಂಡದಿಂದ ಎರಡು ಸಸಿ ಕಿತ್ತು ಅಂಗಿಯ ತೋಳೊಳಗೆ ತುರುಕಿಕೊಂಡೆ. ತೋಳಿಗೊಂದು. ನಡು ಮಧ್ಯಾಹ್ನ, ಮನೆ ಹತ್ತಿರ ಬಂದ ಮೇಲೆ ಸಸಿ ಹೊರಗೆ ತೆಗೆದು, ಸೆಕೆ ಅಂತ ತೋಳು ಮಡಚಿದೆ."

"ಅದಕ್ಕೋಸ್ಕರ ಒಂದು ಹಲ್ಲು ಕೀಳಿಸಿಕೊಂಡಿರಾ!"

"ಎರಡು. ತೋಳಿರೋದು ಎರಡೇ ಅಲ್ಲವಾ. ಮೂರನೇ ಸಸಿಗೆ ಮಾರನೇ ದಿನ ಮತ್ತೆ ಹೋಗಬೇಕಾಯ್ತು."

ಅತ್ತಿಗೆ ಬಿಸ್ಕತ್ತು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತಿದ್ದರು. ನನ್ನ ತಲೆ ಮಾತ್ರ ಓಡುತ್ತಿತ್ತು. ವಿಜ್ಞಾನಿಗೆ ಯಾವ ಅನಾಹುತದಲ್ಲೂ ಒಂದು ಕಿಟಕಿ ತೆರೆದಿರುತ್ತದೆ. ಕಂಡಿತು!

"ಇರಲಿ!" ಎಂದೆ, ಮೇಜು ಗುದ್ದಿ. "ಹಾಗಾದರೆ ಎರಡು ಕಡೆಯವೂ ಕದ್ದವೇ ಆದವು. ಕದ್ದ ಆರರಲ್ಲಿ ಮೂರು ಸತ್ತವು, ಮೂರು ಬದುಕಿದವು. ಸಮ ಸಮ! ಕದ್ದದ್ದೆಲ್ಲ ಬದುಕುತ್ತೆ ಅನ್ನೋದು ಸುಳ್ಳಾಯ್ತೋ ಇಲ್ಲವೋ? ನನ್ನ ವಾಕ್ಯ ಉಳೀತು!"

ನಮ್ಮವರು ಕನ್ನಡಕ ತೆಗೆದು ಒರೆಸತೊಡಗಿದರು. ಐವತ್ತು ವರ್ಷದ ಸಂಸಾರದಲ್ಲಿ ಅವರು ಕನ್ನಡಕ ಒರೆಸುವ ಬಗೆಗಳನ್ನು ವರ್ಗೀಕರಿಸಲು ಕಲಿತಿದ್ದೇನೆ. ಇದು ಅತ್ಯಂತ ಕೆಟ್ಟ ವರ್ಗದ್ದು.

"ಇನ್ನೂ ಏನಿದೆ?"

"ನೀನು ಕದ್ದದ್ದು... ಅಷ್ಟು ಕದ್ದದ್ದಲ್ಲ."

"ಅಂದರೆ?"

"ನೀನು ಜಗಳ ಆಡೋಕೆ ಹೋಗಿ ಬಿಸ್ಕತ್ತು ತಂದೆಯಲ್ಲ, ಆ ದಿನ ಅಡ್ಡಾಡಿ ಬರೋಕೆ ಹೋಗಿದ್ದೆ. ಈ ವಯಸ್ಸಿನಲ್ಲಿ ನಿನ್ನನ್ನ ಯಾರಾದರೂ ಕಳ್ಳಿ ಅಂದರೆ ನನಗೆ ತಡೆಯೋಕಾಗಲ್ಲ ಕಣೇ. ಅದಕ್ಕೆ ಅವರಿಗೆ ಎಲ್ಲಾ ವಿಷಯ ಬಿಡಿಸಿ ಹೇಳಿ, ನಾಳೆ ಕೊಡಲ್ಲ ಅಂತ ಗಟ್ಟಿಯಾಗಿ ಹೇಳಿಬಿಡಿ, ಮಧ್ಯಾಹ್ನ ಸ್ವಲ್ಪ ಮಲಗಿಬಿಡಿ ಅಂತ ಕೇಳಿಕೊಂಡೆ. ತುಂಬಾ ಸಂತೋಷದಿಂದ ಒಪ್ಪಿದರು. ಗೇಟಿಗೆ ಎಣ್ಣೆ ಬಿಟ್ಟಿದ್ದೂ ಅವರೇ. ಮಣ್ಣು ನೆನೆಸಿಟ್ಟಿದ್ದು ಅವರ ಮನೆಯವರು."

ನಂಬಲಿಲ್ಲ ನಾನು. ಆಗ ನಮ್ಮವರು ಎತ್ತರ ಬರೆದಿಡುತ್ತಿದ್ದ ನೋಟ್‌ಪುಸ್ತಕದ ನಡುವಿನಿಂದ ಮಡಚಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು. ನ್ಯಾಯಾಧೀಶರ ದುಂಡು ಅಕ್ಷರ. "ನಾನು, ಈ ಕೆಳಗೆ ಸಹಿ ಮಾಡಿರುವವನು, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಮನಸ್ಸಿನಿಂದ ಹಾಗೂ ಅತ್ಯಂತ ಪ್ರೀತಿಯಿಂದ, ಎದುರು ಮನೆಯ ಪ್ರೊಫೆಸರ್ ಮೇಡಂ ಅವರಿಗೆ ನನ್ನ ಅಂಗಳದಿಂದ ಮೂರು (3) ನಾಗದಾಳಿ ಸಸಿಗಳನ್ನು ಕದಿಯಲು ಅನುಮತಿ ನೀಡಿರುತ್ತೇನೆ. ಸಾಲದಿದ್ದರೆ ಇನ್ನೂ ಕದಿಯಬಹುದು." ಕೆಳಗೆ ಸಹಿ, ತಾರೀಕು. ಸಾಕ್ಷಿಯೆಂದು ಅವರ ಹೆಂಡತಿಯ ಸಹಿ.

ಅತ್ತಿಗೆ ಕೈಯಲ್ಲಿದ್ದ ಬಿಸ್ಕತ್ತನ್ನು ಕಚ್ಚಿದರು. ಅವರು ಅವಸರಪಡಲಿಲ್ಲ. ಪೂರ್ತಿ ಅಗಿದು ನುಂಗಿದರು. ಚಹಾ ಕುಡಿದರು. ಆಮೇಲೆ ಬೆರಳು ಮಡಚತೊಡಗಿದರು.

"ಮೊದಲು ಪ್ರೀತಿಯಿಂದ ಕೊಟ್ಟದ್ದು ಮೂರು. ಸತ್ತವು. ಆಮೇಲೆ ಅತ್ಯಂತ ಪ್ರೀತಿಯಿಂದ ಕೊಟ್ಟದ್ದು ಮೂರು. ಅವೂ ಸತ್ತವು. ನನ್ನ ತಮ್ಮ ಹಲ್ಲು ಕಿತ್ತು ಕದ್ದದ್ದು ಮೂರು. ಪೊದೆಯಾಗಿದಾವೆ." ನನ್ನ ಕಡೆ ತಿರುಗಿದರು. "ಒಂಬತ್ತಕ್ಕೆ ಒಂಬತ್ತು. ನಿಮ್ಮ ಕಾಲೇಜಿನಲ್ಲಿ ಇದಕ್ಕೆ ಎಷ್ಟು ಅಂಕ ಕೊಡ್ತಿದ್ದಿರಿ?"

ಪೂರ್ತಿ ಕೊಡುತ್ತಿದ್ದೆವು. ಆದರೆ ಅದನ್ನು ನಾನು ಹೇಳಲಿಲ್ಲ. ಒಂಬತ್ತು ಸಸಿ ಯಾವ ಲೆಕ್ಕ, ಇದು ಕಾಕತಾಳೀಯ, ನೀಲಿ ಕೆಂಪು ಬೆರೆತುಹೋಗಿವೆ, ಅಂಕಿಅಂಶ ಸಾಲದು ಎಂದೆಲ್ಲ ಹೇಳಿದೆ. ಎಲ್ಲವೂ ನಿಜ. ಆದರೆ ಕೈಗೆ ಕೆಂಪು ಪೆನ್ನು ಬಂದಾಗ, ಕಾಪಿ ಹೊಡೆದ ಹುಡುಗಿಯರೆಲ್ಲ ಸಾಲಾಗಿ ಬಾಗಿಲ ಹೊರಗೆ ನಿಂತು ನನ್ನನ್ನೇ ನೋಡುತ್ತಿರುವ ಹಾಗೆ ಆಯಿತು. "ತದ್ವಿರುದ್ಧವಾದುದೇ ಸತ್ಯ" ಎಂಬುದನ್ನು ಹೊಡೆದೆ. "ಹುರುಳಿಲ್ಲ" ಎಂಬುದು ಮೊದಲೇ ಹೋಗಿತ್ತು. ಕೊನೆಗೆ ಉಳಿದದ್ದು ನಾಲ್ಕೇ ಪದ: ಲೇಖಕಿ ಸ್ವತಃ ಪರೀಕ್ಷಿಸಿ ನೋಡಿದ್ದಾಳೆ. ಅದು ಈಗ ಅಕ್ಷರಶಃ ನಿಜ. ಏನನ್ನು ಕಂಡಳೆಂದು ಮಾತ್ರ ಬರೆಯುವ ಹಾಗಿಲ್ಲ. ಅದನ್ನೂ ಹೊಡೆದು, ಮುದ್ರಣಾಲಯಕ್ಕೆ ಫೋನು ಮಾಡಿ, ಇನ್ನೂ ಹತ್ತು ವಾರ ಬೇಕೆಂದೆ.

"ಏನಾಯ್ತು ಮೇಡಂ? ತಪ್ಪು ಜಾಸ್ತಿ ಇದೆಯಾ?"

"ಒಂದು ಕಳ್ಳತನ ಬಾಕಿ ಇದೆ," ಎಂದೆ. ಆ ಕಡೆಯವರು ಮತ್ತೇನೂ ಕೇಳದೆ ಒಪ್ಪಿದರು.

ಈ ಸಲ ಯಾರಿಗೂ ಹೇಳಬಾರದು, ಅದರಲ್ಲೂ ಗಂಡನಿಗೆ ಹೇಳಬಾರದು ಎಂದು ನಿಶ್ಚಯಿಸಿದೆ. ಸರಿಯಾದ, ಅಪ್ಪಟ, ಮಾಲೀಕನ ಅನುಮತಿಯ ಸೋಂಕೂ ಇಲ್ಲದ ಕಳ್ಳತನವಾಗಬೇಕು. ಅಂಥದ್ದಕ್ಕೆ ಈ ಬೀದಿಯಲ್ಲಿ ಯೋಗ್ಯನಾದವನು ಹಲ್ಲಿನ ಡಾಕ್ಟರು ಒಬ್ಬನೇ.

ನನಗೆ ಗೊತ್ತಿಲ್ಲದೇ ಹೋದದ್ದು ಇಷ್ಟು: ನಮ್ಮವರಿಗೆ ಪಶ್ಚಾತ್ತಾಪವಾಗಿತ್ತು. ಮರುದಿನವೇ ಡಾಕ್ಟರ ಬಳಿ ಹೋಗಿ ತಪ್ಪೊಪ್ಪಿಕೊಂಡು, ಮೊದಲಿನಿಂದ ನಾನು ಫೋನಿನಲ್ಲಿ ಹೇಳಿದ ಬಾಕಿ ಕಳ್ಳತನದವರೆಗೆ ಕಥೆ ಹೇಳಿ ಬಂದಿದ್ದರು. ಡಾಕ್ಟರು ತನ್ನ ರೋಗಿಗಳಿಗೆ ಹೇಳಿದ್ದ. ಬಾಯಿ ತೆರೆದು ಕೂತವರು ಎದ್ದುಹೋಗುವ ಹಾಗಿಲ್ಲವಲ್ಲ, ಪೂರ್ತಿ ಕೇಳಿ ಬೀದಿಗೆಲ್ಲ ಹಂಚಿದ್ದರು.

ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಕೈಗವಸು, ಸ್ವೆಟರು, ಟೋಪಿ ಹಾಕಿಕೊಂಡು, ಕೈಚೀಲದಲ್ಲಿ ಕರಣೆ ಇಟ್ಟುಕೊಂಡು ಹೊರಬಿದ್ದೆ. ನಾನು ಎರಡು ಹೆಜ್ಜೆ ಇಡುವುದರೊಳಗೆ ನ್ಯಾಯಾಧೀಶರ ಮನೆಯ ಪರದೆ ಸರ್ರನೆ ಎಳೆದುಕೊಂಡಿತು. ದರ್ಜಿ ಹೊಲಿಗೆ ಯಂತ್ರವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಅಂಚೆಯವನು ಸೈಕಲ್ಲು ನಿಲ್ಲಿಸಿ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದ. ಅಂಗಡಿಯವನು ತಕ್ಕಡಿಗೆ ಬೆನ್ನು ಮಾಡಿ ನಿಂತ. ಬಿಸಿಲು ಜೋರಾಗಿರಬೇಕು ಎಂದುಕೊಂಡು ಮುಂದೆ ನಡೆದೆ.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕುಂಡಗಳೆಲ್ಲ ಅಂಚಿಗೆ ಬಂದು ಸಾಲಾಗಿ ಕೂತಿದ್ದವು. ಕೆಂಪಕ್ಷರದ ಬೋರ್ಡು ಕಾಣಲಿಲ್ಲ. ನಾನು ಬಗ್ಗಿ ಕರಣೆ ಹೊರತೆಗೆದೆನೋ ಇಲ್ಲವೋ, ತಲೆಯ ಮೇಲಿನ ಕಿಟಕಿ ತೆರೆದುಕೊಂಡಿತು. ಈ ಜನ್ಮದಲ್ಲಿ ಯಾರಿಗೂ ಹುಲ್ಲುಕಡ್ಡಿ ಕೊಡದ ಆ ಮನುಷ್ಯ, ಕೈಯಲ್ಲಿ ಇಕ್ಕಳ ಹಿಡಿದುಕೊಂಡು, ಮುಖವನ್ನು ಬೇರೆ ಕಡೆ ತಿರುಗಿಸಿ ಕೂಗಿ ಹೇಳಿದ:

"ನಿಧಾನವಾಗಿ ಕದೀರಿ ಮೇಡಂ! ಅವಸರ ಏನೂ ಇಲ್ಲ. ನಾವ್ಯಾರೂ ನೋಡ್ತಾ ಇಲ್ಲ!"

ಅವನ ಹಿಂದೆ, ಕುರ್ಚಿಯ ಮೇಲೆ ಬಾಯಿ ಅಗಲಿಸಿಕೊಂಡು ಕೂತಿದ್ದ ರೋಗಿಯೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ.